ಆಕಾಶವಾಣಿಯ ಟ್ಯೂನ್ ಕಟ್ಟಿದ ವಲಸಿಗ

ನಾರಾಯಣಪುರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಕಲಬುರಗಿ ಆಕಾಶವಾಣಿಯ ಸಿಗ್ನೇಚರ್ ಟ್ಯೂನ್‌ನಿಂದ. ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲು. ಅಪ್ಪಟ ದೇಸಿ ಅಂದ್ಕೊಂಡಿದ್ದೆ.

ವಲಸಿಗರೆಂದರೆ ಹೊರೆ ಅನ್ನುವವರು ಕೇಳಿಸಿಕೊಳ್ಳಿ. ಅದನ್ನು ಕಟ್ಟಿದವರೆಂದು ಹೆಸರಾದ ವಾಲ್ಟರ್ ಕೌಫ್‌ಮನ್ 1907ರಲ್ಲಿ ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ. ತನ್ನ ಗೈಡ್ ನಾಜಿ ಯುವ ಸಂಘಟನೆಯ ಮುಂದಾಳು ಅಂತ ಗೊತ್ತಾದಾಗ ಪಿಎಚ್‌ಡಿಯನ್ನೇ ಬೇಡ ಅಂದವರು. 1934ರಲ್ಲಿ ಮುಂಬೈಗೆ ಬಂದರು. ಭಾರತವೇ ಯಾಕೆ? ವೀಸಾ ಸುಲಭವಾಗಿ ಸಿಕ್ಕಿತು, ಅಷ್ಟೇ.

ನಮ್ಮ ಸಂಗೀತ ಮೊದಮೊದಲು ಅವರ ತಲೆಗೇ ಹತ್ತಲಿಲ್ಲ. ಬಿಡದೆ ಕಲಿತರು. 1937ರಿಂದ 1946ರವರೆಗೆ ಮುಂಬೈ ಆಕಾಶವಾಣಿಯಲ್ಲಿ ದುಡಿದರು. ಟ್ಯೂನ್ ಶಿವರಂಜನಿ ರಾಗದ್ದು. ಪಿಟೀಲು ಪಾರ್ಸಿ ಕಲಾವಿದ ಮೆಹ್ಲಿ ಮೆಹ್ತಾ ಅವರದು ಅಂತಾರೆ. ಮುಂದೆ ಅಮೆರಿಕದ ಇಂಡಿಯಾನಾದಲ್ಲಿ ಪಾಠ ಮಾಡುತ್ತಾ ದಕ್ಷಿಣ ಭಾರತದ ರಾಗಗಳ ಬಗ್ಗೆಯೂ ದೊಡ್ಡ ಪುಸ್ತಕ ಬರೆದರು. 1984ರಲ್ಲಿ ಅಲ್ಲೇ ತೀರಿಕೊಂಡರು.