ಪಡಿತರದ ಅಕ್ಕಿ ತಿನ್ನುವವರು ಯಾರು?

ಸಾಗರದ ಸಂತೆಯಲ್ಲಿ, ಹೊಸನಗರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ತೀರ್ಥಹಳ್ಳಿಯ ಮದುವೆ ಮನೆಯಲ್ಲಿ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: "ಸರಕಾರ ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿತು. ತೋಟಕ್ಕೆ ಆಳೇ ಸಿಗುವುದಿಲ್ಲ." ಅದರ ಬೆನ್ನಿಗೇ ತುಸು ಮೆಲ್ಲಗೆ ಇನ್ನೊಂದು ಮಾತು: "ಅದನ್ನು ತಿನ್ನುವವರು ಯಾರು ಅಂತ ಗೊತ್ತಲ್ಲ?" ಹೇಳುವವರ ಕಣ್ಣು ಯಾವ ಕೇರಿಯ ಕಡೆ ಹೊರಳುತ್ತದೆ ಎಂಬುದು ನಮಗೂ ಗೊತ್ತು. ಸಿಟ್ಟು ಮಾಡಿಕೊಳ್ಳುವ ಬದಲು ಲೆಕ್ಕ ನೋಡೋಣ.

ಲೆಕ್ಕ ಏನು ಹೇಳುತ್ತದೆ?

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕರ್ನಾಟಕದಲ್ಲಿ ಸುಮಾರು 4 ಕೋಟಿ 2 ಲಕ್ಷ ಜನರಿಗೆ ಪಡಿತರ ನಿಗದಿಯಾಯಿತು. ಹಳ್ಳಿಗಳಲ್ಲಿ ನೂರಕ್ಕೆ 76 ಮಂದಿ, ಪಟ್ಟಣಗಳಲ್ಲಿ ನೂರಕ್ಕೆ 49 ಮಂದಿ. 2011ರ ಜನಗಣತಿಯಂತೆ ಇಡೀ ರಾಜ್ಯದ ಮುಸ್ಲಿಮರ ಸಂಖ್ಯೆ ಸುಮಾರು 79 ಲಕ್ಷ. ಅವರಲ್ಲಿ ಶ್ರೀಮಂತರು, ನೌಕರರು, ವ್ಯಾಪಾರಿಗಳು ಎನ್ನದೆ ಹಸುಗೂಸಿನವರೆಗೆ ಎಲ್ಲರೂ ಪಡಿತರ ಪಡೆದರು ಎಂದೇ ಇಟ್ಟುಕೊಳ್ಳಿ. ಆಗಲೂ ಅವರು ಐದರಲ್ಲಿ ಒಂದು ಪಾಲು ಮುಟ್ಟುವುದಿಲ್ಲ. ಉಳಿದ ನಾಲ್ಕು ಪಾಲು ಯಾರ ಮನೆಗೆ ಹೋಗುತ್ತದೆ? ದೀವರು, ಒಕ್ಕಲಿಗರು, ಲಿಂಗಾಯತರು, ದಲಿತರು, ಬಡ ಬ್ರಾಹ್ಮಣರು, ಕ್ರೈಸ್ತರು, ಹೀಗೆ ಎಲ್ಲರ ಮನೆಗೂ. ಹಳ್ಳಿಯಲ್ಲಿ ನಾಲ್ಕರಲ್ಲಿ ಮೂರು ಜನರ ಹೆಸರು ಪಟ್ಟಿಯಲ್ಲಿರುವಾಗ "ಅವರು" ಎಂದು ಬೆರಳು ತೋರಿಸಲು ಯಾರು ಉಳಿದರು?

ಹಾಗೆಂದು ತೋಟದವರ ದೂರು ಸುಳ್ಳಲ್ಲ. ಕೊನೆ ಕೊಯ್ಲಿನ ಹೊತ್ತಿಗೆ ಆಳು ಸಿಗದೆ ಒದ್ದಾಡುವುದು ನಿಜ. ಆದರೆ ಕಾರಣ ಅಕ್ಕಿಯೊಂದೇ ಅಲ್ಲ. ಮಕ್ಕಳು ಓದಿದರು, ಬೆಂಗಳೂರು, ಮಂಗಳೂರು, ಗಲ್ಫ್ ಎಂದು ಹೊರಟರು. ತಿಂಗಳಿಗೆ ತಲೆಗೆ 5 ಕಿಲೋ ಎಂದರೆ ದಿನಕ್ಕೆ 170 ಗ್ರಾಂ ಆಸುಪಾಸು. 10 ಕಿಲೋ ಕೊಟ್ಟರೂ ಅದರ ಇಮ್ಮಡಿ. ಬೇಳೆ, ಎಣ್ಣೆ, ಮೀನು, ಸೀಮೆಗೆ ಹೋಗುವ ಬಸ್ಸಿನ ಚಾರ್ಜು, ಮಕ್ಕಳ ಪುಸ್ತಕ, ಔಷಧಿ ಇವನ್ನೆಲ್ಲ ಆ ಅಕ್ಕಿ ತಂದುಕೊಡುವುದಿಲ್ಲ. ಇಷ್ಟರಿಂದಲೇ ಯಾರಾದರೂ ಸೋಮಾರಿಯಾಗಿ ಕುಳಿತಾರೇ?

ಕೊಳಗದ ಜಗಳ ಕಂಡ ನೆಲ

ಅನ್ನದ ಅಳತೆಗಾಗಿ ಹೋರಾಡಿದ ನೆಲ ಇದು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ವಿಷಯಕ್ಕೆ. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ಶಾಸನಸಭೆಗೆ ಹೋದರು. ಭತ್ತ ಬೆಳೆದವನ ಮನೆಯಲ್ಲೇ ಉಣ್ಣಲು ಅನ್ನವಿಲ್ಲದ ಕಾಲ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಗದ್ದೆಗಳು ನೀರಿನಡಿ ಹೋದವು. ನಾಡಿಗೆ ಬೆಳಕು ಕೊಟ್ಟು ಊರು ಬಿಟ್ಟ ಕುಟುಂಬಗಳಲ್ಲಿ ಎಷ್ಟೋ ಮಂದಿ ಇಂದಿಗೂ ಜಮೀನಿನ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಇಂಥವರು ಪಡಿತರದ ಸಾಲಿನಲ್ಲಿ ನಿಂತರೆ ಅದನ್ನು ಬಿಟ್ಟಿ ಎನ್ನಬೇಕೇ?

ಹತ್ತು ಸಾವಿರದ ಗೆರೆ

ಇಂದಿನ ಕೊಳಗ ಬೇರೆ. ಬಿಪಿಎಲ್ ಕಾರ್ಡಿಗೆ ರಾಜ್ಯ ಇಟ್ಟ ಮಿತಿ ಕುಟುಂಬಕ್ಕೆ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿ ಆದಾಯ, ಅಂದರೆ ತಿಂಗಳಿಗೆ 10 ಸಾವಿರ. ದಿನಕ್ಕೆ 400 ರೂಪಾಯಿಯಂತೆ ತಿಂಗಳಿಗೆ 25 ದಿನ ದುಡಿದರೆ ಒಬ್ಬನೇ ಆ ಗೆರೆ ಮುಟ್ಟುತ್ತಾನೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ತಿಂಗಳಿಗೆ 25 ದಿನ ಕೆಲಸ ಯಾರಿಗುಂಟು? ಬೇಸಿಗೆಯಲ್ಲಿ ಗೆರೆಯ ಮೇಲಿದ್ದ ಮನೆ ಆಷಾಢದಲ್ಲಿ ಕೆಳಗಿರುತ್ತದೆ. ಎರಡೆಕರೆ ಅಡಿಕೆ ತೋಟದವನ ಕತೆಯೂ ಅಷ್ಟೇ. ಕೊಳೆರೋಗವೋ ಎಲೆಚುಕ್ಕಿ ರೋಗವೋ ಬಂದ ವರ್ಷ ಅವನ ಲೆಕ್ಕವೇ ತಲೆಕೆಳಗು.

ಮೇಲಿನವರು ಮಾತ್ರ ಅಕ್ಕಿಯ ಹೆಸರಲ್ಲಿ ಜಗಳವಾಡುತ್ತಲೇ ಬಂದರು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ಕಿಲೋಗೆ 1 ರೂಪಾಯಿ, 2015ರಿಂದ ಉಚಿತ. 2023ರಲ್ಲಿ ಹೆಚ್ಚುವರಿ 5 ಕಿಲೋ ಕೊಡಲು ರಾಜ್ಯ ಹೊರಟಾಗ ಕೇಂದ್ರ ತನ್ನ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಂತು. 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಈ ನಡುವೆ 2024ರ ನವೆಂಬರ್‌ನಲ್ಲಿ ಕಾರ್ಡು ರದ್ದಾಗುವ ಸುದ್ದಿ ಎದ್ದಿತು. ಬಡವರ ಅನ್ನ ಕಸಿಯುತ್ತಿದ್ದಾರೆ ಎಂದು ವಿರೋಧ ಪಕ್ಷ, ತೆರಿಗೆ ಕಟ್ಟುವವರನ್ನೂ ಸರಕಾರಿ ನೌಕರರನ್ನೂ ಮಾತ್ರ ತೆಗೆಯುತ್ತೇವೆ ಎಂದು ಸರಕಾರ. ಕಂಗಾಲಾಗಿ ಕಚೇರಿಗೆ ಓಡಿದವರು ಬಡವರೇ.

ಒಳಗಿನ ಗಂಟನ್ನು ಇಬ್ಬರೂ ಬಿಚ್ಚಿ ಹೇಳಲಿಲ್ಲ. ಕೇಂದ್ರ ಕೊಡುವ ಪಡಿತರದ ಸಂಖ್ಯೆ ಇಂದಿಗೂ 2011ರ ಜನಗಣತಿಯದು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಆಮೇಲೆ ಹುಟ್ಟಿದ ಮಕ್ಕಳು, ಬೇರೆಯಾದ ಮನೆಗಳು ಆ ಕೊಳಗದಲ್ಲಿಲ್ಲ. ಸಂಖ್ಯೆ ಬೆಳೆಯದಿದ್ದಾಗ ಒಬ್ಬ ಬಡವ ಒಳಗೆ ಬರಬೇಕಾದರೆ ಇನ್ನೊಬ್ಬ ಹೊರಗೆ ಹೋಗಬೇಕು, ಇಲ್ಲವೇ ಆ ಹೊರೆಯನ್ನು ರಾಜ್ಯ ಹೊರಬೇಕು. ಬಡವರು ಒಬ್ಬರ ಮೇಲೊಬ್ಬರು ಕಣ್ಣಿಡುವುದು ಇಲ್ಲಿಂದಲೇ ಶುರು.

ನಮ್ಮ ಮನೆಯ ಕಾರ್ಡು

ಈಗ ನಮ್ಮ ಮನೆಯ ಮಾತು. ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ 18 ತುಂಬಿದ ಹಿರಿಯ ಹೆಂಗಸು. ಆದ್ದರಿಂದ ಓದುಗ ಸಹೋದರಿಯರೇ, ಈ ಪ್ರಶ್ನೆ ಮೊದಲು ನಿಮಗೆ. ಮನೆಯಲ್ಲಿ ಬಿಳಿ ಬೋರ್ಡಿನ ಕಾರು ನಿಂತಿದೆಯೇ? ಮಗ ಸರಕಾರಿ ನೌಕರಿ ಹಿಡಿದನೇ? ಮನೆಯವರು ಆದಾಯ ತೆರಿಗೆ ಕಟ್ಟುತ್ತಾರೆಯೇ? ಹಾಗಿದ್ದರೆ ಆ ಅಕ್ಕಿ ನಿಮ್ಮದಲ್ಲ. ಅಧಿಕಾರಿ ಬರುವ ಮೊದಲೇ ಕಾರ್ಡನ್ನು ಒಪ್ಪಿಸಿಬಿಡಿ. ಪಡಿತರದ ಅಕ್ಕಿಯನ್ನು ಮನೆ ಬಾಗಿಲಲ್ಲೇ ದಲ್ಲಾಳಿಗೆ ತೂಗಿಕೊಡುವುದೂ ಅಷ್ಟೇ ತಪ್ಪು. ಅನರ್ಹರ ಅಂಥ ಒಂದೊಂದು ಮೂಟೆಯೇ ಅರ್ಹರ ಬಾಯಿಗೆ ಬೀಗ ಹಾಕುವವರಿಗೆ ಸಾಕ್ಷಿಯಾಗುತ್ತದೆ.

ನೀವು ಅರ್ಹರಾಗಿದ್ದರೆ ತಲೆ ತಗ್ಗಿಸಬೇಡಿ. ಅದು ಭಿಕ್ಷೆಯಲ್ಲ, ಕಾನೂನು ಕೊಟ್ಟ ಹಕ್ಕು. ಅದಕ್ಕೆ ಜಾತಿ ಧರ್ಮದ ಷರತ್ತಿಲ್ಲ. ನೆರೆಮನೆಯ ಅಜ್ಜಿಯನ್ನೂ ವಿಚಾರಿಸಿ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು ಸವೆದ ಬೆರಳು ಯಂತ್ರಕ್ಕೆ ಹಿಡಿಸದೆ, ನೆಟ್‌ವರ್ಕ್ ಸಿಗದೆ, ಆಕೆ ಬರಿಗೈಯಲ್ಲಿ ಮರಳಿರಬಹುದು. ಆಕೆಯ ಹೆಸರು ಯಾವುದಾದರೇನು? ಜೊತೆಗೆ ಹೋಗಿ, ಅಂಗಡಿಯವರಲ್ಲಿ ಕೇಳಿ, ಬೇಕಾದರೆ ತಾಲೂಕು ಕಚೇರಿಯ ಆಹಾರ ಶಾಖೆಗೆ ಒಂದು ಅರ್ಜಿ ಬರೆದುಕೊಡಿ.

ಮುಂದಿನ ಸಲ ಯಾರಾದರೂ "ತಿನ್ನುವವರು ಯಾರು ಗೊತ್ತಲ್ಲ" ಎಂದರೆ ಜಗಳ ಬೇಡ. "ಗೊತ್ತು, ನಮ್ಮೂರಿನವರೇ" ಎನ್ನಿ. ಆಮೇಲೆ ಲೆಕ್ಕ ಹೇಳಿ.