ಬಿಗಿಯಾದ ಬೈಕು, ಬಡಕಲು ದನಿ

ಮೂಡಿಗೆರೆಯಿಂದ ಬಣಕಲ್, ಕೊಟ್ಟಿಗೆಹಾರಗಳನ್ನು ಹಾದು ಚಾರ್ಮಾಡಿ ಘಾಟಿಗೆ ಇಳಿಯುವ ರಸ್ತೆ ಬೈಕುಗಳ ಯೋಗ್ಯತೆಯನ್ನು ಅಳೆಯಲೆಂದೇ ಮಾಡಿಟ್ಟಂತಿದೆ. ಒಂದು ಮಳೆಗಾಲ ಕಳೆಯಿತೆಂದರೆ ಡಾಂಬರಿನ ಅಂಚು ಕಿತ್ತಿರುತ್ತದೆ, ತಿರುವುಗಳಲ್ಲಿ ಜಲ್ಲಿ ಹರಡಿರುತ್ತದೆ, ಮರದ ನೆರಳಿರುವ ಕಡೆ ಬಿಸಿಲು ಬಂದರೂ ರಸ್ತೆ ಒಣಗಿರುವುದಿಲ್ಲ. ಬೆಂಗಳೂರಿನ ನುಣುಪು ರಸ್ತೆಯಲ್ಲಿ ತೇಲಿದಂತೆ ಸಾಗುತ್ತಿದ್ದ ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕು ಇಲ್ಲಿಗೆ ಬಂದೊಡನೆ ಮರದ ಕುದುರೆಯಾಗುತ್ತದೆ. ಪ್ರತಿ ಗುಂಡಿಯೂ ಸೊಂಟಕ್ಕೆ ಬಡಿಯುತ್ತದೆ. ಮಾರುವವನ ಶೆಡ್ಡಿನಲ್ಲಿ ಗೋಡೆ ನಡುಗಿಸಿದ್ದ ಸ್ಟೀರಿಯೋ ಅರವತ್ತು ಕಿಲೋಮೀಟರ್ ವೇಗ ದಾಟಿದ ಮೇಲೆ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟೇ ಆಗಿ ಉಳಿಯುತ್ತದೆ.

ಇಂಥ ಬೈಕು ಕೊಂಡವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುತ್ತಾರೆ, ಹೆಚ್ಚು ವಾಟಿನ ಆಂಪ್ಲಿಫೈಯರ್ ಕೂಡಿಸುತ್ತಾರೆ. ಎರಡಕ್ಕೂ ಸಾವಿರಗಟ್ಟಲೆ ಖರ್ಚಾಗುತ್ತದೆ, ಎಷ್ಟೋ ಸಲ ಎರಡರಿಂದಲೂ ಗುಣ ಕಾಣುವುದಿಲ್ಲ. ಕಾರಣ ಸರಳ. ಬಿಗಿಯೂ ಕ್ಷೀಣ ದನಿಯೂ ರೋಗಗಳಲ್ಲ, ಲಕ್ಷಣಗಳು. ಜ್ವರಕ್ಕೆ ಹತ್ತು ಕಾರಣಗಳಿರುವ ಹಾಗೆ ಇವಕ್ಕೂ ಹಲವು ಕಾರಣಗಳಿವೆ; ಅವುಗಳಲ್ಲಿ ಹೆಚ್ಚಿನವು ಗಾಳಿ, ಗ್ರೀಸು, ಎಣ್ಣೆ ಮತ್ತು ಸಡಿಲವಾದ ತಂತಿಗೆ ಸಂಬಂಧಿಸಿದವು.

ಚಕ್ರ ನೆಲ ಬಿಡದಂತೆ

ಸಸ್ಪೆನ್ಷನ್ ಇರುವುದು ಸವಾರನ ಸುಖಕ್ಕೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಅದರ ಮೊದಲ ಕೆಲಸ ಟೈರನ್ನು ನೆಲಕ್ಕೆ ಅಂಟಿಸಿಡುವುದು. ಉಬ್ಬಿನ ಮೇಲೆ ಹಾರಿದ ಚಕ್ರ ಗಾಳಿಯಲ್ಲಿರುವಷ್ಟು ಹೊತ್ತು ಬ್ರೇಕೂ ಇಲ್ಲ, ತಿರುವಿನ ಹಿಡಿತವೂ ಇಲ್ಲ. ಒದ್ದೆ ಘಾಟಿ ರಸ್ತೆಯಲ್ಲಿ ಬಿಗಿಯಾದ ಬೈಕು ಬೆನ್ನುನೋವಿಗಿಂತ ದೊಡ್ಡ ಅಪಾಯವಾಗುವುದು ಹೀಗೆ.

ಮೊದಲ ಕಾಲದ ಮೋಟಾರ್ ಸೈಕಲ್ಲುಗಳಲ್ಲಿ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇರಲಿಲ್ಲ; ಸವಾರನನ್ನು ಕಾಯುತ್ತಿದ್ದುದು ಸೀಟಿನ ಕೆಳಗಿನ ಸುರುಳಿ. 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ ತನ್ನ ಆರ್12 ಬೈಕಿನ ಮುಂದಿನ ಚಕ್ರಕ್ಕೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕನ್ನು ತಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ನಲವತ್ತರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಬುಲೆಟ್ ಹಿಂದಿನ ಚಕ್ರಕ್ಕೂ ಸ್ವಿಂಗ್ ಆರ್ಮ್ ಅಳವಡಿಸಿಕೊಂಡಿತು. ಅದೇ ಬುಲೆಟ್ 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಬೈಕುಗಳು ಹೊರಬಂದವು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಓಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಬೈಕುಗಳು ನಿಲ್ಲಲಿಲ್ಲ. ಬಿಡಿಭಾಗ ಸಿಗದ ಕಾಲದಲ್ಲಿ ಬುಷ್ ಕಡೆಸಿ, ಸೀಲ್ ಹೊಂದಿಸಿ ಅವನ್ನು ಓಡಿಸಿದವರು ಸಣ್ಣ ಊರುಗಳ ಮೆಕ್ಯಾನಿಕ್‌ಗಳು.

ಈ ಕೌಶಲ ಮಲೆನಾಡಿಗೆ ಹೊಸದಲ್ಲ. ಕಂಪನಿಯ ಸರ್ವೀಸ್ ಸೆಂಟರ್ ನೂರಾರು ಕಿಲೋಮೀಟರ್ ದೂರವಿದ್ದಾಗ ಸ್ಪ್ಯಾನರು ಹಿಡಿಯುವುದು ತೋಟದ ಬದುಕಿನ ಭಾಗವೇ ಆಗಿತ್ತು. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು ಬದುಕಿದ ಪೂರ್ಣಚಂದ್ರ ತೇಜಸ್ವಿಯವರ (1938–2007) ಸ್ಕೂಟರನ್ನೂ, ಯಂತ್ರಗಳ ಬಗ್ಗೆ ಅವರಿಗಿದ್ದ ತೀರದ ಕುತೂಹಲವನ್ನೂ ಕನ್ನಡ ಓದುಗರು ಬಲ್ಲರು. ಬಿಚ್ಚಿ ನೋಡದೆ ತೀರ್ಪು ಕೊಡಬಾರದೆಂಬ ಆ ಮನೋಭಾವವೇ ಹಳೆಯ ಟೂರಿಂಗ್ ಬೈಕಿಗೂ ಬೇಕಾದದ್ದು.

ಬಿಗಿ ಎಲ್ಲಿ ಅಡಗಿದೆ?

ಹುಡುಕಾಟ ಟೈರಿನಿಂದ ಆರಂಭವಾಗಬೇಕು. ಹಿಂದಿನ ಮಾಲೀಕ ಹೆಂಡತಿಯನ್ನು ಕೂರಿಸಿಕೊಂಡು, ಎರಡೂ ಪೆಟ್ಟಿಗೆ ತುಂಬಿಕೊಂಡು ಓಡಾಡಿದವನಾದರೆ ನಲವತ್ತು ಪೌಂಡಿನ ಹತ್ತಿರ ಗಾಳಿ ತುಂಬಿಸಿರಬಹುದು. ಒಬ್ಬನೇ ಸವಾರನಿಗೆ ಎಷ್ಟು ಗಾಳಿ ಬೇಕೆಂಬುದು ಬೈಕಿನ ಕೈಪಿಡಿಯಲ್ಲಿರುತ್ತದೆ. ಅದನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ಅಳೆಯಬೇಕು. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನೂ ನೋಡಬೇಕು. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 1417 ಎಂದಿದ್ದರೆ 2017ರ ಹದಿನಾಲ್ಕನೆಯ ವಾರ. ಸವೆಯದೆ ಹೊಳೆಯುತ್ತಿದ್ದರೂ ಹಳೆಯ ರಬ್ಬರು ಗಡುಸಾಗಿ, ಗುಂಡಿಯ ಪೆಟ್ಟನ್ನು ನೇರವಾಗಿ ಮೇಲಕ್ಕೆ ಸಾಗಿಸುತ್ತದೆ. ಒದ್ದೆ ರಸ್ತೆಯಲ್ಲಿ ಅದರ ಹಿಡಿತವೂ ಕಡಿಮೆ.

ಎರಡನೆಯದು ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಸವಾರ ಕೂರುವ ಮೊದಲೇ ಸ್ಪ್ರಿಂಗನ್ನು ಎಷ್ಟು ಅದುಮಿಡಲಾಗಿದೆ ಎಂಬುದು. ಇದನ್ನು ತಿರುಗಿಸಿದರೆ ಸ್ಪ್ರಿಂಗೇ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಸಾಮಾನ್ಯ. ನಿಜಕ್ಕೂ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ; ಬೈಕು ನಿಲ್ಲುವ ಎತ್ತರ ಬದಲಾಗುತ್ತದೆ. ಪರೀಕ್ಷೆಗೆ ಒಂದು ಅಳತೆಪಟ್ಟಿ ಸಾಕು. ಹಿಂದಿನ ಚಕ್ರ ನೆಲದಿಂದ ಮೇಲಿರುವಂತೆ ನಿಲ್ಲಿಸಿ, ಚಕ್ರದ ಆಕ್ಸಲ್‌ನಿಂದ ನೇರ ಮೇಲೆ, ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಅಳೆಯಬೇಕು. ಬಳಿಕ ಹೆಲ್ಮೆಟ್, ಜಾಕೆಟ್ ಸಮೇತ ಸವಾರ ಕೂತಾಗ ಮತ್ತೊಮ್ಮೆ ಅಳೆಯಬೇಕು. ಎರಡರ ವ್ಯತ್ಯಾಸವೇ ಕುಸಿತ. ಚಕ್ರ ಒಟ್ಟು ಚಲಿಸಬಲ್ಲ ದೂರದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಕುಸಿತವಿದ್ದರೆ ಸರಿ. ಬಹುತೇಕ ಟೂರಿಂಗ್ ಬೈಕುಗಳಲ್ಲಿ ಇದು 30ರಿಂದ 40 ಮಿಲಿಮೀಟರ್.

ಕುಸಿತ ಬಹಳ ಕಡಿಮೆಯಿದ್ದರೆ ಚಕ್ರಕ್ಕೆ ಗುಂಡಿಯೊಳಗೆ ಇಳಿಯಲು ಜಾಗವಿಲ್ಲ. ಬಹಳ ಹೆಚ್ಚಿದ್ದರೆ? ಆಗಲೂ ಸವಾರಿ ಗಟ್ಟಿಯೇ. ಬೈಕು ಮೊದಲೇ ತಳ ಸೇರಿ ಕೂತಿರುವುದರಿಂದ ಸಣ್ಣ ಗುಂಡಿಗೂ ಕೊನೆಯ ರಬ್ಬರಿಗೆ ಬಡಿಯುತ್ತದೆ. ಮೆತ್ತಗಿನ ಬೈಕೇ ಬಿಗಿಯಾಗಿ ತೋರುವ ಈ ವಿಚಿತ್ರದಿಂದ ಎಷ್ಟೋ ಮಂದಿ ಸ್ಪ್ರಿಂಗನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತಾರೆ. ಕೆಲವು ದೊಡ್ಡ ಬೈಕುಗಳಲ್ಲಿ ಈ ಕೆಲಸವನ್ನು ಶಾಕ್ ಅಬ್ಸಾರ್ಬರಿನೊಳಗಿನ ಗಾಳಿಯೇ ಮಾಡುತ್ತದೆ. ಅಲ್ಲಿ ಗಾಳಿಯ ಪ್ರಮಾಣ ತೀರಾ ಅಲ್ಪ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಹಿಡಿದರೆ ಕ್ಷಣದಲ್ಲೇ ಸೀಲ್ ಹಾಳಾಗಬಹುದು. ಅದಕ್ಕೆಂದೇ ಇರುವ ಸಣ್ಣ ಕೈಪಂಪನ್ನೇ ಬಳಸಬೇಕು.

ಮೂರನೆಯದು ಎಣ್ಣೆ. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ. ಅದು ಮತ್ತೆ ಮತ್ತೆ ಪುಟಿಯದಂತೆ ತಡೆಯುವುದು ಸಣ್ಣ ರಂಧ್ರಗಳ ಮೂಲಕ ಹಾಯುವ ಎಣ್ಣೆ. ಹಿಂದೆ ಯಾರಾದರೂ ತೀರಾ ದಪ್ಪ ಎಣ್ಣೆ ತುಂಬಿದ್ದರೆ ಅದು ರಂಧ್ರದಲ್ಲಿ ಬೇಗ ಹಾಯದು. ಪ್ರಮಾಣಕ್ಕಿಂತ ಹೆಚ್ಚು ತುಂಬಿದ್ದರೆ ಫೋರ್ಕಿನ ಮೇಲ್ಭಾಗದಲ್ಲಿ ಗಾಳಿಗೆ ಜಾಗ ಉಳಿಯದು. ಬಾಯಿ ಮುಚ್ಚಿದ ಸಿರಿಂಜನ್ನು ಅದುಮಿದಾಗ ಕೊನೆಯಲ್ಲಿ ಬೆರಳಿಗೆ ಗಟ್ಟಿಯಾಗಿ ತಾಗುವುದಲ್ಲ, ಫೋರ್ಕೂ ಹಾಗೆಯೇ ಅರ್ಧಕ್ಕೇ ನಿಲ್ಲುತ್ತದೆ. ಪುಟಿತವನ್ನು ತಡೆಯುವ ತಿರುಪನ್ನು ಅತಿಯಾಗಿ ಬಿಗಿದಿದ್ದರೆ ಇನ್ನೊಂದು ತೊಂದರೆ. ಮೊದಲ ಉಬ್ಬಿಗೆ ಒಳಹೋದ ಚಕ್ರ ಹೊರಬರುವ ಮೊದಲೇ ಎರಡನೆಯದು, ಮೂರನೆಯದು ಎದುರಾಗುತ್ತವೆ. ಹಂಪುಗಳ ಸಾಲು ದಾಟುವಷ್ಟರಲ್ಲಿ ಸಸ್ಪೆನ್ಷನ್ ಪೂರ್ತಿ ಒಳಸರಿದು ಕಟ್ಟಿಗೆಯಾಗಿರುತ್ತದೆ. ಒಂಟಿ ಹಂಪಿನಲ್ಲಿ ಸುಖ, ಸಾಲು ಹಂಪಿನಲ್ಲಿ ಏಟು ಎಂದಾದರೆ ಈ ತಿರುಪನ್ನೇ ಅನುಮಾನಿಸಬೇಕು.

ನಾಲ್ಕನೆಯದು ಮಲೆನಾಡಿಗೆ ವಿಶೇಷವಾದದ್ದು: ತುಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಅದರ ಜೊತೆಗಿನ ಕೆಸರು ಸ್ವಿಂಗ್ ಆರ್ಮಿನ ಬುಷ್ ಮತ್ತು ಬೇರಿಂಗುಗಳ ಗ್ರೀಸನ್ನು ತೊಳೆದುಬಿಡುತ್ತವೆ. ಒಣಗಿದ ಕೀಲು ಮೊದಲು ಕಿರುಗುಟ್ಟುತ್ತದೆ, ಆಮೇಲೆ ಮೌನವಾಗಿ ಹಿಡಿದುಕೊಳ್ಳುತ್ತದೆ. ಆಗ ಎಷ್ಟು ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿದರೂ ಚಕ್ರ ಸಲೀಸಾಗಿ ಏಳುವುದಿಲ್ಲ. ಮುಂದೆಯೂ ಹಾಗೆಯೇ. ಪಂಕ್ಚರ್ ಹಾಕಿದವರು ಮುಂದಿನ ಆಕ್ಸಲನ್ನು ಓರೆಯಾಗಿ ಬಿಗಿದಿದ್ದರೆ ಫೋರ್ಕಿನ ಎರಡು ಕಾಲುಗಳು ಒಂದನ್ನೊಂದು ಎಳೆದಾಡುತ್ತವೆ. ಆಕ್ಸಲನ್ನು ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ, ಮುಂದಿನ ಬ್ರೇಕ್ ಹಿಡಿದು ಬೈಕನ್ನು ನಾಲ್ಕಾರು ಬಾರಿ ಅದುಮಿ, ಮತ್ತೆ ಬಿಗಿದರೆ ಕಾಲುಗಳು ತಾವಾಗಿ ನೇರವಾಗುತ್ತವೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ದನಿ ಎಲ್ಲಿ ಕಳೆದುಹೋಯಿತು?

ಬೈಕಿನಲ್ಲಿ ಸ್ಟೀರಿಯೋ ಎಂಬುದು ಅಮೆರಿಕದ ಉದ್ದುದ್ದ ಹೆದ್ದಾರಿಗಳ ಕೂಸು. 1975ರಲ್ಲಿ ಬಂದ ಹೋಂಡಾ ಗೋಲ್ಡ್ ವಿಂಗ್ 1980ರ ಇಂಟರ್‌ಸ್ಟೇಟ್ ಮಾದರಿಯ ಹೊತ್ತಿಗೆ ಗಾಳಿತಡೆ, ಸಾಮಾನು ಪೆಟ್ಟಿಗೆಗಳೊಂದಿಗೆ ಕಾರ್ಖಾನೆಯಿಂದಲೇ ಹೊರಬಂದಿತು. ಹಾಡು ಅದರ ಬೆನ್ನಿಗೇ ಬಂತು. 2010ರಲ್ಲಿ ಹಾರ್ಲೆ-ಡೇವಿಡ್ಸನ್ ಭಾರತದಲ್ಲಿ ಮಾರಾಟ ಆರಂಭಿಸಿದ ಮೇಲೆ ಇಂಥ ಭಾರಿ ಬೈಕುಗಳು ಇಲ್ಲಿಯ ರಸ್ತೆಗಳಲ್ಲೂ ಕಾಣಿಸಿಕೊಂಡವು. ಉಳಿದವರು ಸಾಧಾರಣ ಬೈಕುಗಳಿಗೇ ಸ್ಪೀಕರ್ ಕೂಡಿಸಿಕೊಂಡರು.

ಈ ಸ್ಪೀಕರುಗಳ ನಿಜವಾದ ಎದುರಾಳಿ ಗಾಳಿ. ನೂರು ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟಿನೊಳಗಿನ ಗಾಳಿಯ ಸದ್ದು ಸುಮಾರು 100 ಡೆಸಿಬಲ್ ಮುಟ್ಟುತ್ತದೆ. ಅದನ್ನು ಮೀರಿಸಲು ಹೆಚ್ಚು ವಾಟ್ ಬೇಕೆನಿಸುವುದು ಸಹಜ. ಆದರೆ ಕಿವಿಯ ಲೆಕ್ಕ ಬೇರೆ. 20 ವಾಟನ್ನು 40 ಮಾಡಿದರೆ ದನಿ ಏರುವುದು ಕೇವಲ 3 ಡೆಸಿಬಲ್, ಅಂದರೆ ವ್ಯತ್ಯಾಸ ಗೊತ್ತಾಗುವಷ್ಟು ಮಾತ್ರ. ಇಮ್ಮಡಿ ಜೋರಾಗಿ ಕೇಳಬೇಕಾದರೆ ಹತ್ತು ಪಟ್ಟು, ಅಂದರೆ 200 ವಾಟ್ ಬೇಕು. ಆದ್ದರಿಂದ ದನಿ ಏರಿಸುವುದಕ್ಕಿಂತ ಗದ್ದಲ ತಗ್ಗಿಸುವುದು ಅಗ್ಗ. ಗಾಳಿತಡೆಯ ಗಾಜು ತಪ್ಪು ಎತ್ತರದಲ್ಲಿದ್ದರೆ ಸುಳಿಗಾಳಿ ನೇರವಾಗಿ ಹೆಲ್ಮೆಟಿಗೆ ಬಡಿಯುತ್ತದೆ. ಅದನ್ನು ಎರಡು ಬೆರಳಿನಷ್ಟು ಏರಿಸಿ ಅಥವಾ ಇಳಿಸಿ ನೋಡಬೇಕು. ಗದ್ದದ ಕೆಳಗಿನ ಸಂದಿ ಮುಚ್ಚುವ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಎಷ್ಟೋ ಆಂಪ್ಲಿಫೈಯರುಗಳಿಗಿಂತ ಮೇಲು.

ಬೈಕು ನಿಂತಿರುವಾಗಲೂ ದನಿ ಬಡಕಲಾಗಿದ್ದರೆ ದೋಷ ಒಳಗಿದೆ. ಬ್ಯಾಲೆನ್ಸನ್ನು ನಡುವೆ ಇಟ್ಟಾಗ ಹಾಡು ತೆಳುವಾಗಿದ್ದು, ಒಂದೇ ಬದಿಗೆ ತಿರುಗಿಸಿದಾಗ ಮೃದಂಗದ ಗುಮ್ಕಿ ತುಂಬಿ ಬಂದರೆ, ಒಂದು ಸ್ಪೀಕರಿನ ಪ್ಲಸ್-ಮೈನಸ್ ಅದಲುಬದಲಾಗಿದೆ ಎಂದೇ ಅರ್ಥ. ಒಂದರ ಪೊರೆ ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ. ಎರಡೂ ಸೇರಿ ಕೆಳಸ್ಥಾಯಿಯನ್ನು ಅಳಿಸಿಹಾಕುತ್ತವೆ. ಸ್ಪೀಕರಿನ ಅಂಚಿನ ಗ್ಯಾಸ್ಕೆಟ್ ಸೀಳಿದ್ದರೆ ಹಿಂದಿನ ದನಿ ಮುಂದೆ ಸೋರಿಬಂದು ಇದೇ ಹಾನಿ ಮಾಡುತ್ತದೆ. ಮಳೆ ಕಂಡ ಕಾಗದದ ಪೊರೆಯನ್ನು ಸರಿಪಡಿಸಲಾಗದು, ಬದಲಿಸಲೇಬೇಕು. ಬದಲಿಸುವಾಗ ಓಮ್ ನೋಡಬೇಕು. 2 ಓಮಿನ ಜಾಗಕ್ಕೆ 4 ಓಮಿನದನ್ನು ಹಾಕಿದರೆ ಆಂಪ್ಲಿಫೈಯರ್ ಕೊಡುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 4ರ ಜಾಗಕ್ಕೆ 2 ಹಾಕಿದರೆ ಆಂಪ್ಲಿಫೈಯರೇ ಸುಟ್ಟೀತು.

ಕೊನೆಯ ಅನುಮಾನ ಅರ್ತ್ ತಂತಿಯ ಮೇಲೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. ಹಸಿರುಗಟ್ಟಿದ ಅರ್ತ್ ಜೋಡಣೆಯ ದೆಸೆಯಿಂದ ಆಂಪ್ಲಿಫೈಯರಿಗೆ 11 ವೋಲ್ಟ್ ಮಾತ್ರ ತಲುಪಿದರೆ, ಶಕ್ತಿ ವೋಲ್ಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಶೇಕಡ 40ರಷ್ಟು ನಷ್ಟ. ದನಿ ಏರಿಸಿದೊಡನೆ ಹಾಡು ಸೀಳತೊಡಗುವುದು ಹೀಗೆ. ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದರೆ ಸಾಕು.

ರೇಡಿಯೋ ಮಾತ್ರ ಕೇಳಿಸದಿದ್ದರೆ ಬೈಕನ್ನು ದೂರುವಂತಿಲ್ಲ. ಎಫ್.ಎಂ. ತರಂಗಗಳು ಬಹುಮಟ್ಟಿಗೆ ಕಣ್ಣಳತೆಯ ನೇರಕ್ಕೆ ಸಾಗುತ್ತವೆ. ಕಳಸದ ದಾರಿಯಲ್ಲಿ ಒಂದು ಗುಡ್ಡ ಅಡ್ಡ ಬಂದರೆ ನಿಲಯ ಮಾಯ. ಭದ್ರಾವತಿ ಆಕಾಶವಾಣಿ ಮಲೆನಾಡಿನ ಮನೆಮನೆಗೆ ಕೇಳಿಸಿದ್ದು ನೆಲ ಹಿಡಿದು ಸಾಗುವ ಮಧ್ಯಮ ತರಂಗದ ಬಲದಿಂದ.

ಒಂದೊಂದಾಗಿ

ಇವೆಲ್ಲವನ್ನೂ ಒಂದೇ ದಿನ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯದು. ಮೊದಲು ಗಾಳಿ, ಆಮೇಲೆ ಕುಸಿತದ ಅಳತೆ, ಗ್ರೀಸು, ಎಣ್ಣೆ. ಹೊಸ ಶಾಕ್ ಅಬ್ಸಾರ್ಬರಿನ ಮಾತು ಕೊನೆಗೆ. ದನಿಯ ವಿಷಯದಲ್ಲೂ ಮೊದಲು ತಂತಿ, ಆಮೇಲೆ ಸ್ಪೀಕರು, ಕೊನೆಗೆ ಆಂಪ್ಲಿಫೈಯರು. ಪ್ರತಿ ಬದಲಾವಣೆಯ ನಂತರ ಗುರುತಿರುವ ಒಂದೇ ರಸ್ತೆಯಲ್ಲಿ ಎರಡು ಮೈಲಿ ಓಡಿಸಿ, ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಮಳೆಗಾಲಕ್ಕೂ ಉಪಯೋಗ. ಫೋರ್ಕಿನ ಕೊಳವೆ ಬಾಗಿದ್ದರೆ ಅಥವಾ ಸ್ವಿಂಗ್ ಆರ್ಮ್ ಪಕ್ಕಕ್ಕೆ ಅಲುಗಾಡಿದರೆ ಮನೆಯ ಪ್ರಯೋಗ ನಿಲ್ಲಿಸಿ ಪಳಗಿದ ಮೆಕ್ಯಾನಿಕ್ಕನ ಬಳಿಗೆ ಹೋಗುವುದೇ ಕ್ಷೇಮ.

ಸ್ಟೀರಿಯೋ ಸರಿಹೋದ ಮೇಲೆ ಅದನ್ನು ಎಲ್ಲಿ ಆರಿಸಬೇಕೆಂಬುದೂ ಗೊತ್ತಿರಬೇಕು. ಚಾರ್ಮಾಡಿಯ ತಿರುವುಗಳಲ್ಲಿ ಎದುರಿನ ಬಸ್ಸು ಕಣ್ಣಿಗೆ ಬೀಳುವ ಮೊದಲು ಅದರ ಹಾರನ್ ಕಿವಿಗೆ ಬೀಳುತ್ತದೆ. ಮೂಡಿಗೆರೆ ತಾಲ್ಲೂಕಿನ ತೋಟಗಳ ನಡುವೆ ಸಂಜೆಯ ಮೇಲೆ ಕಾಡಾನೆಗಳು ರಸ್ತೆ ದಾಟುವುದೂ ಉಂಟು. ಆನೆ ಇರುವುದನ್ನು ಮುರಿಯುವ ಕೊಂಬೆಯ ಸದ್ದೇ ಮೊದಲು ಹೇಳುತ್ತದೆ.