ಸಂಬಳವಿಲ್ಲದ ಕಾವಲುಗಾರ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು... ಹಾವೇರಿ ಜಿಲ್ಲೆಯ ಈ ಊರುಗಳಲ್ಲಿ ಮನೆಯ ಗಣಕಯಂತ್ರಕ್ಕೆ ವೈರಸ್ ತಗಲಲು ಇಂಟರ್‌ನೆಟ್ಟೇ ಬೇಕೆಂದಿಲ್ಲ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಸಾಕು. ಮಗಳ ಪ್ರಾಜೆಕ್ಟು, ಮದುವೆಯ ಫೋಟೊ, ಹೊಲದ ಉತಾರ ಎಲ್ಲವೂ ಒಂದೇ ಯಂತ್ರದಲ್ಲಿದ್ದರೆ ಹೋಗುವುದೂ ಒಟ್ಟಿಗೇ.

ಹಾಗೆಂದು ರಕ್ಷಣೆಯನ್ನು ದುಡ್ಡು ಕೊಟ್ಟೇ ಕೊಳ್ಳಬೇಕಾಗಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವೈರಸ್ ತಡೆಯುವ ‘ಡಿಫೆಂಡರ್’ ಯಂತ್ರದೊಳಗೇ ಇದೆ. ಕೇಂದ್ರ ಸರಕಾರ 2017ರ ಫೆಬ್ರುವರಿಯಲ್ಲಿ ತೆರೆದ ‘ಸೈಬರ್ ಸ್ವಚ್ಛತಾ ಕೇಂದ್ರ’ ಸೋಂಕು ತೊಲಗಿಸುವ ತಂತ್ರಾಂಶಗಳನ್ನು ಉಚಿತವಾಗಿ ಕೊಡುತ್ತದೆ. ಅದರೊಂದಿಗೆ ಬಂದ ‘ಯುಎಸ್‌ಬಿ ಪ್ರತಿರೋಧ್’ ಪೆನ್‌ಡ್ರೈವ್‌ಗಳ ಮೇಲೆ ಕಣ್ಣಿಡಲೆಂದೇ ರೂಪಿಸಿದ್ದು.

ಆದರೆ ಕಾವಲುಗಾರ ನಿದ್ದೆ ಹೋಗಬಾರದಷ್ಟೆ! 2017ರ ಮೇ 12ರಂದು ‘ವನ್ನಾಕ್ರೈ’ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಚಾಲ್ತಿಯಲ್ಲಿದ್ದ ವಿಂಡೋಸ್‌ಗಳಿಗೆ ಅದರ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿಯಾಗಿ ಹಂಚಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಯಂತ್ರ ‘ಅಪ್‌ಡೇಟ್’ ಕೇಳಿದಾಗ ನಾಳೆ ಎನ್ನಬೇಡಿ. ಪೆನ್‌ಡ್ರೈವ್ ತೆರೆಯುವ ಮೊದಲು ‘ಸ್ಕ್ಯಾನ್’ ಮಾಡಿ. ಉಚಿತ ತಂತ್ರಾಂಶವನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ. ಇದಕ್ಕೆಲ್ಲ ಬೇಕಾದುದು ಹಣವಲ್ಲ, ತುಸು ವ್ಯವಧಾನ.